ಮೇಲುಕೋಟೆಯ ಒಂದೇ ಸೀಟು: ಹಸಿರು ಶಾಲಿಗೆ ವಿಧಾನಸಭೆಯಲ್ಲಿ ಎಷ್ಟು ಜಾಗ?

2023ರ ಮೇ ತಿಂಗಳ ಫಲಿತಾಂಶವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಪಕ್ಷೇತರರು ಇಬ್ಬರು, ಗಂಗಾವತಿಯಿಂದ ಜನಾರ್ದನ ರೆಡ್ಡಿ. ಕೂಡಿಸಿದರೆ 223 ಆಗುತ್ತದೆ. ಉಳಿದ ಒಂದು ಸೀಟು ಮೇಲುಕೋಟೆ. ಅಲ್ಲಿ ಗೆದ್ದವರು ರೈತ ಸಂಘದ ರಾಜಕೀಯ ಮುಖವಾದ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ. 224 ಜನ ಕೂರುವ ಸದನದಲ್ಲಿ ರೈತ ಚಳವಳಿಯ ಹೆಸರಿನಲ್ಲೇ ಗೆದ್ದು ಬಂದವರು ಅವರೊಬ್ಬರೇ.

ಈ ಒಂದು ಸೀಟಿನ ಬಗ್ಗೆ ಮಂಡ್ಯದ ಕಡೆ ಎರಡು ಮಾತು ಕೇಳುತ್ತೇನೆ. ಒಬ್ಬರು, ರೈತರ ದನಿ ಸದನದೊಳಗೆ ಬಂತು, ಇನ್ನೇನು ಬೇಕು ಅನ್ನುತ್ತಾರೆ. ಇನ್ನೊಬ್ಬರು, ಒಬ್ಬ ಹೋಗಿ ಏನು ಮಾಡುತ್ತಾನೆ, ಸುಮ್ನೆ ಒಂದು ಕುರ್ಚಿ ತುಂಬಿತು ಅಷ್ಟೇ ಅನ್ನುತ್ತಾರೆ. ನನಗೆ ಎರಡೂ ಪೂರ್ತಿ ಸರಿ ಅನ್ನಿಸುವುದಿಲ್ಲ. ಆ ಸೀಟು ಹೇಗೆ ಬಂತು, ಏನನ್ನು ನೆಚ್ಚಿಕೊಂಡು ನಿಂತಿದೆ, ಮುಂದೆ ಉಳಿಯುತ್ತದಾ ಎಂದು ಬಿಡಿಸಿ ನೋಡಿದರೆ ರೈತ ಸಂಘವನ್ನು ಪ್ರೀತಿಸುವವರು ಸ್ವಲ್ಪ ಚಿಂತೆ ಮಾಡಬೇಕಾದ ವಿಷಯ ಸಿಗುತ್ತದೆ.

ಮೊದಲು ಊರು. ಕ್ಷೇತ್ರದ ಹೆಸರು ಮೇಲುಕೋಟೆ ಆದರೂ ಅದರ ಜೀವ ಇರುವುದು ಪಾಂಡವಪುರದಲ್ಲಿ. 2008ರ ತನಕ ಕ್ಷೇತ್ರದ ಹೆಸರೂ ಪಾಂಡವಪುರವೇ ಆಗಿತ್ತು. ಮರುವಿಂಗಡಣೆ ಆದಾಗ ಪಾಂಡವಪುರ ತಾಲ್ಲೂಕಿಗೆ ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿ ಸೇರಿ ಮೇಲುಕೋಟೆ ಆಯಿತು. ಹೊರಗಿನವರಿಗೆ ಮೇಲುಕೋಟೆ ಅಂದರೆ ಚೆಲುವನಾರಾಯಣ, ವೈರಮುಡಿ, ಪುಳಿಯೋಗರೆ. ಇಲ್ಲಿ ಓಟು ಹಾಕುವವರಿಗೆ ಮಾತ್ರ ಕ್ಷೇತ್ರ ಅಂದರೆ ಕಬ್ಬು, ಭತ್ತ, ವಿಶ್ವೇಶ್ವರಯ್ಯ ನಾಲೆ, ಸಕ್ಕರೆ ಕಾರ್ಖಾನೆ, ಬೇಬಿ ಬೆಟ್ಟದ ಕಲ್ಲು. ನಾಲೆ ನೀರು ಬರುವ ಊರುಗಳ ಕಷ್ಟ ಒಂದು ತರಹ, ಮೇಲುಕೋಟೆ ಬೆಟ್ಟದ ಕಡೆಯ ಮಳೆ ನಂಬಿದ ಊರುಗಳ ಕಷ್ಟ ಇನ್ನೊಂದು ತರಹ. ಒಬ್ಬ ಶಾಸಕ ಎರಡಕ್ಕೂ ಉತ್ತರ ಹೇಳಬೇಕು.

ದರ್ಶನ್ ಅವರ ತಂದೆ, ರೈತ ಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಅವರ ಊರು ಕ್ಯಾತನಹಳ್ಳಿ ಈ ತಾಲ್ಲೂಕಿನಲ್ಲೇ ಇದೆ. ಅವರ ಎದುರಾಳಿ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಅವರ ಚಿನಕುರಳಿಯೂ ಇಲ್ಲೇ. ಇಬ್ಬರೂ ಒಕ್ಕಲಿಗರು, ಇಬ್ಬರೂ ಮಣ್ಣಿನ ಮಕ್ಕಳು ಎಂದೇ ಓಟು ಕೇಳಿದವರು. ಹಾಗಾಗಿ ಇಲ್ಲಿ ಜಾತಿ ಲೆಕ್ಕ ಎಷ್ಟು ಹಾಕಿದರೂ ಮುಗಿಯುವುದಿಲ್ಲ. ಜನ ಆರಿಸುತ್ತಿದ್ದದ್ದು ಎರಡು ಬಗೆಯ ರಾಜಕೀಯದ ನಡುವೆ: ಒಂದು ಕಡೆ ದೇವೇಗೌಡರ ಪಕ್ಷ, ಕೆಲಸ ಮಾಡಿಸಿಕೊಡುವ ನಾಯಕ, ಇನ್ನೊಂದು ಕಡೆ ಹಸಿರು ಟವೆಲ್, ರಸ್ತೆ ತಡೆ, ಕಾರ್ಖಾನೆ ಮುಂದೆ ಧರಣಿ.

ರೈತ ಸಂಘ ಹುಟ್ಟಿದ್ದು 1980ರಲ್ಲಿ, ನರಗುಂದ ನವಲಗುಂದದಲ್ಲಿ ರೈತರ ಮೇಲೆ ನಡೆದ ಗೋಲಿಬಾರಿನ ನಂತರ. ಎನ್.ಡಿ. ಸುಂದರೇಶ್, ಎಚ್.ಎಸ್. ರುದ್ರಪ್ಪ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಕಟ್ಟಿದ ಸಂಘ ಎಂಬತ್ತರ ದಶಕದಲ್ಲಿ ವಿಧಾನಸೌಧಕ್ಕೇ ನಡುಕ ಹುಟ್ಟಿಸಿತ್ತು. ಅಪ್ಪಣೆ ಇಲ್ಲದೆ ಸರ್ಕಾರಿ ಅಧಿಕಾರಿ ಊರೊಳಗೆ ಬರಬಾರದು ಎಂದು ಊರ ಬಾಗಿಲಲ್ಲಿ ಬೋರ್ಡು ಹಾಕಿದ್ದ ಕಾಲ ಅದು. ಅಷ್ಟು ಶಕ್ತಿಯಿದ್ದರೂ ಓಟಿನಲ್ಲಿ ಸಂಘಕ್ಕೆ ಸಿಕ್ಕಿದ್ದು ಚೂರುಪಾರು. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡರಲ್ಲೂ ಗೆದ್ದರು, ಅವರು ಬಿಟ್ಟುಕೊಟ್ಟ ಧಾರವಾಡದ ಸೀಟಿನಿಂದ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ ಸದನಕ್ಕೆ ಬಂದರು. 1994ರಲ್ಲಿ ಪಾಂಡವಪುರದಿಂದ ಪುಟ್ಟಣ್ಣಯ್ಯ ಗೆದ್ದರು. ಆಮೇಲೆ ಸಂಘ ಒಡೆಯಿತು, ಬಣಗಳಾದವು, ಒಂದೊಂದು ಬಣಕ್ಕೂ ಒಬ್ಬೊಬ್ಬ ಅಧ್ಯಕ್ಷ. ಪುಟ್ಟಣ್ಣಯ್ಯ ಮತ್ತೆ ಸದನಕ್ಕೆ ಬರಲು 2013ರ ತನಕ ಕಾಯಬೇಕಾಯಿತು, ಅಂದರೆ ಗೆಲುವಿನಿಂದ ಗೆಲುವಿಗೆ 19 ವರ್ಷ. ರೈತ ಚಳವಳಿಯ ಚುನಾವಣಾ ಇತಿಹಾಸ ಬರೆದರೆ ಒಂದು ಪುಟ ಸಾಕು ಎನ್ನುವುದು ಬೇಸರದ ವಿಷಯ, ಆದರೆ ನಿಜ.

ಪುಟ್ಟಣ್ಣಯ್ಯ 2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಚುನಾವಣೆಗೆ ಮೂರು ತಿಂಗಳೂ ಇರಲಿಲ್ಲ. ಅಮೆರಿಕದ ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದ ಮಗ ದರ್ಶನ್ ಬಂದು ಸ್ವರಾಜ್ ಇಂಡಿಯಾ ಪಕ್ಷದ ಹೆಸರಿನಲ್ಲಿ ನಿಂತರು. ಕಾಂಗ್ರೆಸ್ ಅಭ್ಯರ್ಥಿ ಹಾಕಲಿಲ್ಲ. ಅನುಕಂಪ ಇತ್ತು, ದೊಡ್ಡ ಪಕ್ಷದ ಬೆಂಬಲವೂ ಇತ್ತು, ಆದರೂ ಪುಟ್ಟರಾಜು ಎದುರು ಸುಮಾರು 22 ಸಾವಿರ ಓಟಿನಿಂದ ಸೋತರು. ಆ ವರ್ಷ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಸೀಟು ಜೆಡಿಎಸ್ ಪಾಲಾಗಿದ್ದವು. ಕುಮಾರಸ್ವಾಮಿ ಮುಖ್ಯಮಂತ್ರಿ ಆಗುತ್ತಾರೆ ಎನ್ನುವ ಗಾಳಿ ಬೀಸಿದಾಗ ಹಸಿರು ಶಾಲೂ ಹಾರಿಹೋಯಿತು.

2023ರಲ್ಲಿ ಕಾಂಗ್ರೆಸ್ ಮತ್ತೆ ಸೀಟು ಬಿಟ್ಟುಕೊಟ್ಟಿತು. ಈ ಸಲ ದರ್ಶನ್ 91,151 ಓಟು ಪಡೆದರು, ಪುಟ್ಟರಾಜು 80,289. ಗೆಲುವಿನ ಅಂತರ 10,862. ಜಿಲ್ಲೆಯಲ್ಲಿ ಕಾಂಗ್ರೆಸ್ ಐದು ಗೆದ್ದಿತು, ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆ ಒಂದೇ.

ಈ ಎರಡು ಫಲಿತಾಂಶ ಪಕ್ಕಪಕ್ಕ ಇಟ್ಟು ನೋಡಿ. ಜಿಲ್ಲೆಯಲ್ಲಿ ಜೆಡಿಎಸ್ ಅಲೆ ಎದ್ದಾಗ ರೈತ ಸಂಘ ಸೋತಿತು, ಕಾಂಗ್ರೆಸ್ ಕಡೆ ಗಾಳಿ ತಿರುಗಿದಾಗ ಗೆದ್ದಿತು. ದರ್ಶನ್ ಐದು ವರ್ಷ ಕ್ಷೇತ್ರದ ನಂಟು ಉಳಿಸಿಕೊಳ್ಳದೆ ಇದ್ದಿದ್ದರೆ, ಸಂಘದ ಹುಡುಗರು ಹಳ್ಳಿ ಹಳ್ಳಿ ತಿರುಗದೆ ಇದ್ದಿದ್ದರೆ ಗಾಳಿ ಬೀಸಿಯೂ ಪ್ರಯೋಜನ ಇರುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆ 91 ಸಾವಿರದಲ್ಲಿ ಹಸಿರು ಶಾಲಿನ ಓಟು ಎಷ್ಟು, ಸೀಟು ಬಿಟ್ಟುಕೊಟ್ಟ ಕಾಂಗ್ರೆಸ್‌ನ ಓಟು ಎಷ್ಟು ಎಂದು ಬೇರೆ ಮಾಡಿ ತೂಗಿದವರು ಯಾರೂ ಇಲ್ಲ. ಅದನ್ನು ತಿಳಿಯಲು ಕಾಂಗ್ರೆಸ್ ಒಂದು ಸಲ ಎದುರು ನಿಲ್ಲಬೇಕು. ಆ ದಿನ ಬಂದರೆ ಸಂಘ ತಯಾರಿದೆಯಾ?

ಇನ್ನು ಸದನದೊಳಗೆ ಒಂಟಿ ಶಾಸಕನ ಸ್ಥಿತಿ ಏನು? ಇಲ್ಲಿ ಕಾನೂನಿನ ಒಂದು ಕುತೂಹಲದ ತಿರುವು ಇದೆ. ಕಾಂಗ್ರೆಸ್ ಶಾಸಕನಿಗೆ ಪಕ್ಷದ ವಿಪ್, ಅಂದರೆ ಹೀಗೇ ಓಟು ಹಾಕಬೇಕೆಂಬ ಆದೇಶ, ಇರುತ್ತದೆ, ಮೀರಿ ಓಟು ಹಾಕಿದರೆ ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಶೆಡ್ಯೂಲ್ ಪ್ರಕಾರ ಶಾಸಕತ್ವಕ್ಕೇ ಕುತ್ತು. ಒಂದೇ ಸೀಟಿನ ಪಕ್ಷದ ಶಾಸಕನಿಗೆ ಕಾಂಗ್ರೆಸ್ ವಿಪ್ ಅನ್ವಯವೇ ಆಗುವುದಿಲ್ಲ. ಆತನ ಪಕ್ಷ ಬೇರೆ, ಸದನದಲ್ಲಿ ಆ ಪಕ್ಷ ಅಂದರೆ ಆತನೇ. ಸರ್ಕಾರಕ್ಕೆ ಬೆಂಬಲ ಕೊಡುತ್ತಲೇ ಸರ್ಕಾರ ತಂದ ಮಸೂದೆಗೆ ಎದ್ದು ನಿಂತು ಬೇಡ ಅನ್ನಬಹುದು. ಆಡಳಿತ ಪಕ್ಷದ ಶಾಸಕರಿಗೆ ಇಲ್ಲದ ಸ್ವಾತಂತ್ರ್ಯ ಇದು.

ಅದೇ ಶೆಡ್ಯೂಲ್‌ಗೆ ಇನ್ನೊಂದು ಮುಖವೂ ಇದೆ. ಶಾಸಕಾಂಗ ಪಕ್ಷದ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಬೇರೆ ಪಕ್ಷದೊಂದಿಗೆ ವಿಲೀನ ಆಗಬಹುದು. ಒಬ್ಬನೇ ಇದ್ದರೆ? ಆ ಒಬ್ಬ ಒಪ್ಪಿದರೆ ನೂರಕ್ಕೆ ನೂರು ಒಪ್ಪಿದ ಹಾಗೆ. ಜನಾರ್ದನ ರೆಡ್ಡಿ ತಮ್ಮ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವನ್ನು 2024ರ ಮಾರ್ಚ್‌ನಲ್ಲಿ ಬಿಜೆಪಿಗೆ ಸೇರಿಸಿಬಿಟ್ಟರು, ಹತ್ತು ತಿಂಗಳಲ್ಲಿ ಒಂದು ಪಕ್ಷ ಸದನದಿಂದ ಮಾಯವಾಯಿತು. ಪಕ್ಷೇತರನಾಗಿ ಗೆದ್ದವನು ಆಮೇಲೆ ಪಕ್ಷ ಸೇರಿದರೆ ಶಾಸಕತ್ವ ಹೋಗುತ್ತದೆ, ಒಂದೇ ಸೀಟಿನ ಪಕ್ಷಕ್ಕೆ ಈ ಬಾಗಿಲು ತೆರೆದೇ ಇರುತ್ತದೆ. ಅಂದರೆ ಸದನದಲ್ಲಿ ಸರ್ವೋದಯ ಪಕ್ಷ ಉಳಿಯುವುದೂ ಅಳಿಯುವುದೂ ಒಬ್ಬ ಮನುಷ್ಯನ ಮನಸ್ಸಿನ ಮೇಲಿದೆ. ಇದು ದರ್ಶನ್ ಅವರ ಮೇಲಿನ ಅನುಮಾನದಿಂದ ಹೇಳುವ ಮಾತು ಖಂಡಿತ ಅಲ್ಲ. ಯಾರೇ ಆ ಜಾಗದಲ್ಲಿ ಕೂತರೂ ಒಂದು ಚಳವಳಿಯ ಭಾರ ಒಂದೇ ಹೆಗಲ ಮೇಲೆ ಬೀಳಬಾರದು.

ಅವರು ಇದುವರೆಗೆ ಕಾಂಗ್ರೆಸ್ ಜೊತೆಗೇ ನಡೆದಿದ್ದಾರೆ. 2024ರ ಫೆಬ್ರವರಿಯ ರಾಜ್ಯಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ನ ಮೂವರಿಗೆ ಸೇರಿ 139 ಓಟು ಬಿತ್ತು, ಅದರಲ್ಲಿ ಮೇಲುಕೋಟೆಯದೂ ಒಂದು. ಸೀಟು ಬಿಟ್ಟುಕೊಟ್ಟವರಿಗೆ ಓಟು ಕೊಡುವುದು ಸಹಜ, ತಪ್ಪು ಹುಡುಕುವುದಿಲ್ಲ. ನನ್ನ ಪ್ರಶ್ನೆ, ಆ ಓಟಿಗೆ ಬದಲಾಗಿ ರೈತರಿಗೆ ಏನು ಸಿಕ್ಕಿತು ಎಂಬುದು.

ಒಂದು ಉದಾಹರಣೆ ನೋಡೋಣ. 2020ರಲ್ಲಿ ಬಿಜೆಪಿ ಸರ್ಕಾರ ಎರಡು ಕಾಯ್ದೆಗಳಿಗೆ ಕೈ ಹಾಕಿತು. ಎಪಿಎಂಸಿ ಕಾಯ್ದೆ ತಿದ್ದಿ ಮಂಡಿಯ ಹೊರಗೂ ವ್ಯಾಪಾರಕ್ಕೆ ದಾರಿ ಮಾಡಿತು. ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದು, ಬೇಸಾಯ ಮಾಡದವರೂ, ಎಷ್ಟೇ ಆದಾಯ ಇರುವವರೂ ಕೃಷಿ ಭೂಮಿ ಕೊಳ್ಳಬಹುದು ಎಂದು ಮಾಡಿತು. ರೈತ ಸಂಘಟನೆಗಳು ಬೀದಿಗಿಳಿದವು, ಕಾಂಗ್ರೆಸ್ ಕೂಡ ವಿರೋಧಿಸಿತು. ಅಧಿಕಾರಕ್ಕೆ ಬಂದ ಮೇಲೆ 2023ರ ಜುಲೈನಲ್ಲಿ ಎಪಿಎಂಸಿ ತಿದ್ದುಪಡಿ ವಾಪಸ್ ಮಾಡುವ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು, ಪರಿಷತ್ತಿನಲ್ಲಿ ಸಿಕ್ಕಿಹಾಕಿಕೊಂಡು ಪರಿಶೀಲನಾ ಸಮಿತಿಗೆ ಹೋಯಿತು. ಭೂಸುಧಾರಣೆ ವಿಷಯದಲ್ಲಿ ಜೊತೆಗೆ ಅಂಥ ಮಸೂದೆಯೇ ಬರಲಿಲ್ಲ. ಮೈಸೂರು–ಬೆಂಗಳೂರು ದಶಪಥ ರಸ್ತೆಯ ಅಕ್ಕಪಕ್ಕ ಎಕರೆ ಬೆಲೆ ಏರಿದ್ದನ್ನು ಕಂಡವರಿಗೆ, ಎರಡರಲ್ಲಿ ಯಾವುದು ಸಣ್ಣ ರೈತನನ್ನು ಬೇಗ ಬುಡಮೇಲು ಮಾಡುತ್ತದೆ ಎಂದು ಹೇಳಬೇಕಾಗಿಲ್ಲ. ಇಂಥ ಕಡೆ ಒಂಟಿ ಶಾಸಕನ ಕೈಯಲ್ಲಿ ಓಟಿನ ಬಲ ಇಲ್ಲ. 135 ಸೀಟು ಗೆದ್ದು ಬಂದ ಸರ್ಕಾರಕ್ಕೆ ಆ ಒಂದು ಓಟು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

ಕಬ್ಬಿನ ಬೆಲೆಯ ಕಥೆ ಇನ್ನೂ ಮೇಲಿನದು. ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿ ಆಗುವುದು ದೆಹಲಿಯಲ್ಲಿ. 2025–26ರ ಹಂಗಾಮಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಂದು ಪೇಪರಿನಲ್ಲಿ ಬಂತು. ಆದರೆ ಅದು ಶೇ 10.25 ಸಕ್ಕರೆ ಇಳುವರಿಗೆ. ಇಳುವರಿ ಇಳಿದಂತೆ ಬೆಲೆಯೂ ಇಳಿಯುತ್ತದೆ, ಶೇ 9.5 ಮತ್ತು ಅದಕ್ಕೂ ಕಡಿಮೆ ಇದ್ದರೆ 329 ರೂಪಾಯಿ 5 ಪೈಸೆ. ಮಂಡ್ಯ ಕಡೆಯ ಕಬ್ಬಿಗೆ ಇಳುವರಿ ಕಡಿಮೆ ಎಂಬ ಮಾತು ಇವತ್ತಿನದಲ್ಲ. ಆ ಇಳುವರಿ ಅಳೆಯುವುದೂ ಕಾರ್ಖಾನೆಯೇ, ತೂಕ ಹಾಕುವುದೂ ಕಾರ್ಖಾನೆಯೇ. ಅದಕ್ಕೇ ಕಟಾವು ತಡವಾದರೆ, ಕಬ್ಬು ಒಣಗಿದರೆ ಎಷ್ಟೋ ಜನ ಆಲೆಮನೆಗೆ ಹೊಡೆದು ಕೈ ತೊಳೆದುಕೊಳ್ಳುತ್ತಾರೆ. ಊರಿನ ಸಹಕಾರಿ ಕಾರ್ಖಾನೆ ಪಿಎಸ್‌ಎಸ್‌ಕೆ ಮುಚ್ಚಿ, ಕೊನೆಗೆ 2020ರಲ್ಲಿ ನಿರಾಣಿ ಶುಗರ್ಸ್‌ಗೆ 40 ವರ್ಷದ ಗುತ್ತಿಗೆಗೆ ಹೋಯಿತು. ರೈತರೇ ಷೇರುದಾರರಾಗಿದ್ದ ಕಾರ್ಖಾನೆ ಎರಡು ತಲೆಮಾರಿಗೆ ಖಾಸಗಿಯವರ ಕೈಗೆ ಹೋದ ಮೇಲೆ ಕ್ಷೇತ್ರದ ಶಾಸಕ ಯಾರಾದರೂ ಮಾಡಬಹುದಾದದ್ದು, ಬಾಕಿ ಹಣ ಕೊಡಿ ಎಂದು ಜಿಲ್ಲಾಧಿಕಾರಿ ಮುಂದೆ ಕೂರಿಸಿ ಕೇಳುವುದು. ಅದು ಸಣ್ಣ ಕೆಲಸ ಅಂತ ನಾನು ಅನ್ನುವುದಿಲ್ಲ, ಆದರೆ ಮಿತಿ ಅಲ್ಲಿಗೇ ಬಂತು.

ಇದಕ್ಕೆ ಎದುರಾಗಿ ಬೆಳಗಾವಿ ಕಡೆ ನೋಡಿ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಅಲ್ಲಿ ರೈತ ಸಂಘಕ್ಕೆ ಒಂದೂ ಸೀಟಿಲ್ಲ. ಮುಖ್ಯಮಂತ್ರಿ ಕಾರ್ಖಾನೆ ಮಾಲೀಕರನ್ನು ಕರೆದು ಟನ್‌ಗೆ 3,300 ರೂಪಾಯಿ ಎಂದು ಘೋಷಿಸಬೇಕಾಯಿತು. ಸೀಟು ತರಲಾಗದ್ದನ್ನು ರಸ್ತೆ ತಂದಿತು. ಎಂಬತ್ತರ ದಶಕದಲ್ಲಿ ಪಾಂಡವಪುರದ ಜನಕ್ಕೆ ಇದು ಯಾರೂ ಹೇಳಿಕೊಡಬೇಕಾದ ಪಾಠ ಆಗಿರಲಿಲ್ಲ.

ನಾಲೆಯ ವಿಷಯ ಬರೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 2018ರ ನವೆಂಬರ್ 24, ಶನಿವಾರ. ಕನಗನಮರಡಿ ಹತ್ತಿರ ಖಾಸಗಿ ಬಸ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆ ಬಿಟ್ಟು ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಷ್ ತೀರಿಕೊಂಡರು, ಟಿವಿಯೆಲ್ಲ ಆ ಕಡೆ ತಿರುಗಿತು, ಆ 30 ಮನೆಗಳ ಅಳು ಆ ಊರುಗಳಲ್ಲೇ ಉಳಿಯಿತು. ಆಗ ಈ ಕ್ಷೇತ್ರದ ಶಾಸಕ ಪುಟ್ಟರಾಜು ಸ್ವತಃ ಸಣ್ಣ ನೀರಾವರಿ ಸಚಿವರು, ಜಿಲ್ಲಾ ಉಸ್ತುವಾರಿಯೂ ಅವರದೇ, ಮುಖ್ಯಮಂತ್ರಿ ಅವರದೇ ಪಕ್ಷದವರು. ಒಂದು ಕ್ಷೇತ್ರಕ್ಕೆ ಅದಕ್ಕಿಂತ ಜಾಸ್ತಿ ಅಧಿಕಾರ ಸಿಗಲಾರದು. ಐದು ವರ್ಷದ ನಂತರ, 2023ರ ನವೆಂಬರ್‌ನಲ್ಲಿ, ಅದೇ ತಾಲ್ಲೂಕಿನ ಬನಘಟ್ಟದ ಹತ್ತಿರ ಅದೇ ನಾಲೆಗೆ ಕಾರು ಬಿದ್ದು ಐದು ಜನ ಸತ್ತರು. ಅಷ್ಟರಲ್ಲಿ ಶಾಸಕರು ಬದಲಾಗಿದ್ದರು, ಸರ್ಕಾರ ಎರಡು ಸಲ ಬದಲಾಗಿತ್ತು. ಆ ಜಾಗಕ್ಕೆ ತಡೆಗೋಡೆ ಬಂದಿರಲಿಲ್ಲ.

ಯಾಕೆ ಹೀಗಾಗುತ್ತದೆ? ನಾಲೆ ಕಾವೇರಿ ನೀರಾವರಿ ನಿಗಮದ್ದು. ಪಕ್ಕದ ರಸ್ತೆ ಒಂದು ಕಡೆ ಲೋಕೋಪಯೋಗಿ ಇಲಾಖೆಯದು, ಇನ್ನೊಂದು ಕಡೆ ನಿಗಮದ ಏರಿಯೇ ರಸ್ತೆ. ಶಾಸಕನ ಕೈಯಲ್ಲಿರುವ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ಸಮುದಾಯ ಭವನ, ಶಾಲೆ ಕೊಠಡಿ, ಬೀದಿ ದೀಪ ಎಲ್ಲ ಆಗಬೇಕು. ಮೈಲಿಗಟ್ಟಲೆ ಗೋಡೆ ಕಟ್ಟಲು ನಿಗಮದ ದುಡ್ಡೇ ಬೇಕು, ಅದಕ್ಕೆ ಜಲಸಂಪನ್ಮೂಲ ಸಚಿವರ ಒಪ್ಪಿಗೆ ಬೇಕು. ಒಂಟಿ ಶಾಸಕ ಅಲ್ಲಿ ಕೇಳುವವನೇ ಹೊರತು ಕೊಡುವವನಲ್ಲ. ಸದನದಲ್ಲಿ ಮಾತಾಡುವ ಸಮಯವೂ ಪಕ್ಷದ ಬಲದ ಮೇಲೆ ಹಂಚಿಕೆ ಆಗುತ್ತದೆ, ಒಬ್ಬನೇ ಇರುವ ಪಕ್ಷಕ್ಕೆ ಕೊನೆಯಲ್ಲಿ ಕೆಲವು ನಿಮಿಷ.

ಹಾಗಂತ ಕೈ ಖಾಲಿ ಇಲ್ಲ. ತಾಲ್ಲೂಕಿನ ಕೆಲಸಗಳ ಪ್ರಗತಿ ಕೇಳುವ ಕೆಡಿಪಿ ಸಭೆ ನಡೆಸುವುದು ಶಾಸಕ, ಸರ್ಕಾರಿ ಜಮೀನು ಉಳುತ್ತಿರುವವರ ಅರ್ಜಿ ನೋಡುವ ಬಗರ್‌ಹುಕುಂ ಸಮಿತಿಗೆ ಅಧ್ಯಕ್ಷ ಶಾಸಕ. ಯಾರ ಸಾಗುವಳಿ ಅರ್ಜಿ ಮುಂದೆ ಬರಬೇಕು, ಯಾರದು ವರ್ಷಗಟ್ಟಲೆ ಕೊಳೆಯಬೇಕು ಎನ್ನುವುದು ಅಲ್ಲೇ ತೀರ್ಮಾನವಾಗುವುದು. ರೈತ ಸಂಘದ ಶಾಸಕನನ್ನು ಅಳೆಯಬೇಕಾದದ್ದು ನನ್ನ ಪ್ರಕಾರ ಇಲ್ಲಿ. ಭೂಮಿ ಇರುವವರ ಸಂಘ, ಕೂಲಿಯವರನ್ನು, ದಲಿತರನ್ನು ಜೊತೆಗೆ ಕರೆದುಕೊಂಡಿದ್ದು ಕಡಿಮೆ ಎಂಬ ಹಳೆಯ ಟೀಕೆಗೆ ಬಗರ್‌ಹುಕುಂ ಸಮಿತಿಯ ಪಟ್ಟಿಯೇ ಉತ್ತರ ಕೊಡಬಲ್ಲದು.

ಬೇಬಿ ಬೆಟ್ಟದ ವಿಷಯದಲ್ಲಿ ಆದದ್ದೂ ಗಮನಿಸಬೇಕು. ಕೆಆರ್‌ಎಸ್ ಹತ್ತಿರದ ಈ ಬೆಟ್ಟದಲ್ಲಿ ಕಲ್ಲು ಸಿಡಿಸುವುದರಿಂದ ಅಣೆಕಟ್ಟೆಗೆ ಅಪಾಯ ಎಂಬ ಕೂಗು ಹಳೆಯದು. ಕ್ರಷರ್ ಮಾಲೀಕರು ಎಲ್ಲ ಪಕ್ಷಕ್ಕೂ ಬೇಕಾದವರು. ಕ್ರಷರ್‌ನಲ್ಲಿ ದುಡಿಯುವವರೂ ಇದೇ ಕ್ಷೇತ್ರದ ಓಟುದಾರರು, ಹಾಗಾಗಿ ಯಾವ ಶಾಸಕನಿಗೂ ಅದು ಸುಲಭದ ವಿಷಯ ಅಲ್ಲ. ಕೊನೆಗೆ 2024ರ ಜನವರಿಯಲ್ಲಿ, ಅಣೆಕಟ್ಟೆ ಸುರಕ್ಷತೆಯ ಅಧ್ಯಯನ ಮುಗಿಯುವ ತನಕ ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಎಂದದ್ದು ಹೈಕೋರ್ಟ್. ಆ ವರ್ಷ ಪರೀಕ್ಷಾರ್ಥ ಸ್ಫೋಟದ ಮಾತು ಬಂದಾಗ ಎದ್ದು ನಿಂತವರು ಬೀದಿಯ ರೈತರು. ಇಲ್ಲೂ ನಿರ್ಧಾರ ಆದದ್ದು ಸದನದ ಹೊರಗೇ.

ಈಗ ಮುಂದಿನ ದಿನಗಳ ಮಾತು. ಈ ಸೀಟಿನ ಮೇಲೆ ಕತ್ತಿಯಂತೆ ತೂಗುತ್ತಿರುವುದು ಕ್ಷೇತ್ರ ಮರುವಿಂಗಡಣೆ. ಅದರ ಬಗ್ಗೆ ಲೋಕಸಭೆಯ ಸೀಟು ದಕ್ಷಿಣಕ್ಕೆ ಎಷ್ಟು ಎನ್ನುವ ಚರ್ಚೆಯೇ ಜಾಸ್ತಿ, ರಾಜ್ಯದೊಳಗೆ ಏನಾಗುತ್ತದೆ ಎಂದು ಯಾರೂ ಕೇಳುತ್ತಿಲ್ಲ. 2008ಕ್ಕೆ ಮೊದಲು ಮಂಡ್ಯ ಜಿಲ್ಲೆಗೆ 9 ಸೀಟು ಇದ್ದವು. ಕೆರಗೋಡು ಹೋಯಿತು, ಕಿರುಗಾವಲು ಹೋಯಿತು, ಈಗ ಏಳು. ಬೆಂಗಳೂರು ನಗರದಲ್ಲಿ 28 ಆಯಿತು. ಮೇಲುಕೋಟೆಯಲ್ಲಿ ಓಟುದಾರರು ಸುಮಾರು 2 ಲಕ್ಷ, ಬೆಂಗಳೂರು ದಕ್ಷಿಣದಂಥ ಕ್ಷೇತ್ರದಲ್ಲಿ 6 ಲಕ್ಷ ದಾಟಿದ್ದಾರೆ. ಜನಗಣತಿ ಆಗಿ, ಜನಸಂಖ್ಯೆ ನೋಡಿ ಗೆರೆ ಎಳೆದರೆ ಸೀಟುಗಳು ಮತ್ತೆ ನಗರದ ಕಡೆ ಸರಿಯುವ ಸಾಧ್ಯತೆಯೇ ಜಾಸ್ತಿ. ಒಂದು ಹೋಬಳಿ ಆಚೆ, ಎರಡು ಹೋಬಳಿ ಈಚೆ ಆದರೆ ದೊಡ್ಡ ಪಕ್ಷ ತಡೆದುಕೊಳ್ಳುತ್ತದೆ, ಅದಕ್ಕೆ ಇನ್ನೂರು ಕ್ಷೇತ್ರ ಇದೆ. ಒಂದೇ ಕ್ಷೇತ್ರದ ಪಕ್ಷಕ್ಕೆ ಆ ಒಂದು ಗೆರೆಯೇ ಹಣೆಬರಹ.

ಮೇಲುಕೋಟೆಯ ಹಸಿರು ಸೀಟು ಇವತ್ತು ನಿಂತಿರುವುದು ಪುಟ್ಟಣ್ಣಯ್ಯ ಎಂಬ ಹೆಸರು, ಕಾಂಗ್ರೆಸ್ ಬಿಟ್ಟುಕೊಟ್ಟ ಜಾಗ, ಈಗಿರುವ ನಕ್ಷೆ, ಈ ಮೂರರ ಮೇಲೆ. ಹೆಸರು ತಂದೆಯಿಂದ ಮಗನಿಗೆ ಬಂತು, ಅದರಲ್ಲಿ ಗೌರವ ಇದೆ. ಆದರೆ ನಲವತ್ತು ವರ್ಷ ದಾಟಿದ ಚಳವಳಿಗೆ ಆ ಮನೆಯಾಚೆಗೆ ನಿಲ್ಲಿಸಲು ಇನ್ನೊಂದು ಹೆಸರು ಜನರ ಬಾಯಲ್ಲಿ ಇಲ್ಲ ಎನ್ನುವುದು ನನ್ನನ್ನು ನಿಜಕ್ಕೂ ಕಾಡುತ್ತದೆ. ಕ್ಷೇತ್ರದ ಹುಡುಗಿಯರು, ಹುಡುಗರು ಹಸಿರು ಶಾಲು ಹಾಕಿಕೊಂಡು ಮೊದಲ ಓಟು ಕೇಳಬಹುದಾಗಿದ್ದ ಜಾಗ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿ. ಅವುಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಿಂದಿನ ಸರ್ಕಾರವೂ ಮುಂದೂಡಿತು, ಈಗಿನದೂ ಮುಂದೂಡಿತು. ದೊಡ್ಡ ಪಕ್ಷಗಳಿಗೆ ಅದರಿಂದ ನಷ್ಟ ಇಲ್ಲ, ಟಿಕೆಟ್ ಹಂಚುವ ತಲೆನೋವು ತಪ್ಪಿತು. ರೈತ ಸಂಘದಂಥವರಿಗೆ ಮಾತ್ರ ಹೊಸಬರನ್ನು ಬೆಳೆಸುವ ಗರಡಿಮನೆಯೇ ಮುಚ್ಚಿದ ಹಾಗೆ ಆಯಿತು.

ವಿಪ್ ಇಲ್ಲದ ಶಾಸಕ ಸದನದಲ್ಲಿ ಧೈರ್ಯವಾಗಿ ಎತ್ತಬಹುದಾದ ವಿಷಯ ಇದು. ಪಂಚಾಯ್ತಿ ಚುನಾವಣೆ ಯಾವಾಗ, 79ಎ, 79ಬಿ ವಾಪಸ್ ಯಾವಾಗ ಎಂದು ಪ್ರತಿ ಅಧಿವೇಶನದಲ್ಲೂ ಎದ್ದು ಕೇಳಲು ಒಬ್ಬರು ಸಾಕು. 2028ಕ್ಕೆ ಕಾಂಗ್ರೆಸ್ ಸೀಟು ಬಿಡುತ್ತದೋ ಇಲ್ಲವೋ, ಗೆರೆ ಎಲ್ಲಿ ಬೀಳುತ್ತದೋ ಅದು ಕ್ಯಾತನಹಳ್ಳಿಯ ಕೈಯಲ್ಲಿಲ್ಲ. ಈ ಎರಡು ಪ್ರಶ್ನೆ ಕೇಳುವುದು ಮಾತ್ರ ಮೇಲುಕೋಟೆಯ ಶಾಸಕರ ಕೈಯಲ್ಲೇ ಇದೆ.